ನಿನ್ನ ತಂದೆಯ ಅನುಮತಿ ಬೇಕು

ದೋನ್ ಅಪಾರಿಸಿಯೋ ಗಾವಿಲಾನ್ ಶಾಲೆಯ ಸಭೆಯಲ್ಲಿ ಕೈ ಎತ್ತಿದ್ದು ನೊಣ ಓಡಿಸುವುದಕ್ಕೆ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ನಾನೇ. ಅದೇ ನೊಣ ಅರೆಗಳಿಗೆ ಮೊದಲು ನನ್ನ ಮೂಗಿನ ಮೇಲೆ ವಿಶ್ರಾಂತಿ ಪಡೆದು ಹೋಗಿತ್ತು. ಆದರೆ ನೊಣಕ್ಕೂ ಸ್ವಲ್ಪ ಸಮಯಪ್ರಜ್ಞೆ ಬೇಕು. ಪಿಲಾರ್ ಊರಿನ ತಂದೆತಾಯಿಗಳೆಲ್ಲ ಬೆವರು ಒರೆಸಿಕೊಳ್ಳುತ್ತ ತೂಕಡಿಸುತ್ತಿದ್ದಾಗ, ವೇದಿಕೆಯ ಮೇಲಿದ್ದ ಪ್ರೊಫೆ ಗ್ರಿಸೆಲ್ದಾ ಒಂದು ಪ್ರಶ್ನೆ ಕೇಳಿದ್ದರು:

"ಮಕ್ಕಳು ಏನೇನು ನೋಡ್ತಾರೆ ಅಂತ ಮನೆಯ ಇಂಟರ್ನೆಟ್ಟಿಗೆ ಕಾವಲು ಹಾಕಿರೋರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ."

ಇನ್ನೂರು ಜನರ ನಡುವೆ ಎದ್ದದ್ದು ಒಂದೇ ಒಂದು ಕೈ.

ಪ್ರೊಫೆ ಗ್ರಿಸೆಲ್ದಾ ನಮ್ಮ ಶಾಲೆಯಲ್ಲಿ ಮಕ್ಕಳ ಮನಸ್ಸನ್ನು ನೋಡಿಕೊಳ್ಳುವ ಟೀಚರು. ಹನ್ನೊಂದು ವರ್ಷದಿಂದ ಅದೇ ಭಾಷಣ ಮಾಡುತ್ತಿದ್ದಾರೆ, ಹನ್ನೊಂದು ವರ್ಷದಿಂದ ಯಾರೂ ಕೇಳಿಸಿಕೊಂಡಿಲ್ಲ. ಆ ಒಂಟಿ ಕೈ ಕಂಡು ಅವರ ಕಣ್ಣು ತುಂಬಿ ಬಂತು.

"ಒಬ್ಬರಾದ್ರೂ ಇದ್ದಾರಲ್ಲ! ಕಾರಾಯ್ ಗಾವಿಲಾನ್, ದಯವಿಟ್ಟು ಎದ್ದು ನಿಂತ್ಕೊಳಿ!" ನಮ್ಮಲ್ಲಿ ಕಾರಾಯ್ ಎಂದರೆ ಯಜಮಾನರೇ ಎಂದಂತೆ.

ಅಪಾರಿಸಿಯೋ ನನ್ನ ಕಡೆ ಬಾಗಿದ. "ಏನಂತೆ, ಸಿಪ್ರಿಯಾನೋ?"

"ಏನೋ ಬಹುಮಾನ ಇರಬೇಕು. ನಿಂತ್ಕೋ."

ನಿಂತ. ಚಪ್ಪಾಳೆ ಬಿತ್ತು. ಇನ್ನು ಮೂರು ವಾರಕ್ಕೆ, ಶುಕ್ರವಾರ ಮಧ್ಯಾಹ್ನ, ಕಾರಾಯ್ ಗಾವಿಲಾನ್ ಅವರೇ ಇದೇ ವೇದಿಕೆಯ ಮೇಲೆ ಕಾವಲು ಹಾಕುವ ವಿಧಾನವನ್ನು ಎಲ್ಲರಿಗೂ ತೋರಿಸಿಕೊಡುತ್ತಾರೆಂದು ಪ್ರೊಫೆ ಸಾರಿದರು. ಬೇರೆ ಯಾರಾದರೂ ಆಗಿದ್ದರೆ "ಅಮ್ಮಾ, ನೊಣ ಇತ್ತು" ಎಂದು ಹೇಳಿ ಕೂತುಬಿಡುತ್ತಿದ್ದರು. ಆದರೆ ಅಪಾರಿಸಿಯೋ ಪುರಸಭೆಯ ಬೀದಿದೀಪ ವಿಭಾಗದಲ್ಲಿ ಇಪ್ಪತ್ತೊಂದು ವರ್ಷದ ಗುಮಾಸ್ತ. ಅವನಿಗಾಗಿ ಯಾರೂ ಇವತ್ತಿನವರೆಗೆ ಚಪ್ಪಾಳೆ ತಟ್ಟಿರಲಿಲ್ಲ. ಅವನ ಮದುವೆಯಲ್ಲೂ ಚಪ್ಪಾಳೆ ಬಿದ್ದದ್ದು ಹಾರ್ಪ್ ನುಡಿಸಿದವನಿಗೆ. ಹಾಗಾಗಿ ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಅವನ ಹೆಂಡತಿ ನಿಲ್ಸಾ ಸುದ್ದಿ ಕೇಳಿ ಸೌಟು ಕೆಳಗಿಟ್ಟಳು. "ನೀನಾ? ಟೀವಿ ರಿಮೋಟಿನಲ್ಲಿ ಸದ್ದು ಕಡಿಮೆ ಮಾಡೋಕೆ ಹೋಗಿ ಇಡೀ ಟೀವಿಯನ್ನ ಪೋರ್ಚುಗೀಸಿಗೆ ತಿರುಗಿಸಿದವನು ನೀನಲ್ವಾ? ಎಂಟು ತಿಂಗಳಾಯ್ತು, ಅಮ್ಮ ಇನ್ನೂ ಪೋರ್ಚುಗೀಸಲ್ಲೇ ಧಾರಾವಾಹಿ ನೋಡ್ತಿದಾಳೆ."

"ಈಗ ಎಷ್ಟೋ ಅರ್ಥ ಆಗುತ್ತೆ ಬಿಡು," ಎಂದರು ಮೂಲೆಯಲ್ಲಿ ಕೂತಿದ್ದ ಅವಳ ಅಮ್ಮ ನ್ಯಾ ಕಾಂದಿದಾ. ಹಿರಿಯ ಹೆಂಗಸರನ್ನು ನಮ್ಮಲ್ಲಿ ನ್ಯಾ ಎಂದೇ ಕರೆಯುವುದು. ಇವರಿಗೆ ಅರವತ್ತೆಂಟು ವರ್ಷ, ವಿಧವೆ, ಮಗಳ ಮನೆಯಲ್ಲೇ ವಾಸ. ಅಳಿಯನೊಡನೆ ಅವರ ಸಂಬಂಧ ಹೇಗಿತ್ತೆಂದರೆ, ಹದಿನಾರು ವರ್ಷದಲ್ಲಿ ಒಮ್ಮೆಯೂ ಜಗಳವಾಗಿರಲಿಲ್ಲ. ಜಗಳವಾಗಬೇಕಾದರೆ ಮಾತಾಡಬೇಕಲ್ಲ!

ಮರುದಿನ ಅಪಾರಿಸಿಯೋ ನನ್ನನ್ನು ಕರೆಸಿದ. ನನ್ನ ಕ್ಷೌರದಂಗಡಿ ಇರುವುದು ಅವನ ಮನೆಯ ಗೋಡೆಗೆ ಅಂಟಿಕೊಂಡು. ಅಂಗಡಿಯ ಬಾಗಿಲಲ್ಲಿ 'ಇಲ್ಲಿ ವೈಫೈ ಉಚಿತ' ಎಂಬ ಬೋರ್ಡಿತ್ತು. ಬೋರ್ಡು ಹೇಳುತ್ತಿದ್ದದ್ದು ಸತ್ಯ. ಆ ವೈಫೈ ನನಗೂ ಉಚಿತವಾಗಿಯೇ ಬರುತ್ತಿತ್ತು, ಅಪಾರಿಸಿಯೋನ ಗೋಡೆಯಾಚೆಯಿಂದ. ಪಾಸ್‌ವರ್ಡು ಕೊಟ್ಟವರು ನ್ಯಾ ಕಾಂದಿದಾ. ಅದಕ್ಕೆ ಪ್ರತಿಯಾಗಿ ನಾನು ತಿಂಗಳಿಗೊಮ್ಮೆ ಅವರ ತಲೆಗೆ ಬಣ್ಣ ಹಚ್ಚಬೇಕು, ಆ ವಿಷಯ ಯಾರಿಗೂ ಹೇಳಬಾರದು. ವರ್ಷಗಟ್ಟಲೆ ಬಿಳಿಕೂದಲಿನಲ್ಲೇ ಇದ್ದ ಹೆಂಗಸು ಈಗೇಕೆ ಬಣ್ಣ ಕೇಳುತ್ತಿದ್ದಾರೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.

ಇಂಟರ್ನೆಟ್ಟಿನ ಪೆಟ್ಟಿಗೆ ಫ್ರಿಜ್ಜಿನ ಮೇಲೆ, ನಿಲ್ಸಾ ಹೆಣೆದ ಕಸೂತಿ ಬಟ್ಟೆಯ ಕೆಳಗಿತ್ತು. ಅಪಾರಿಸಿಯೋ ಕಾವಲಿನ ಆ್ಯಪನ್ನು ತನ್ನ ಫೋನಿಗೆ ಹಾಕಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಪೆಟ್ಟಿಗೆಗೆ ಹತ್ತಿರವಿದ್ದರೆ ಬೇಗ ಕೇಳಿಸುತ್ತದೆಂದು ಅವನ ನಂಬಿಕೆ.

"ಸಿಪ್ರಿ, ಇದು ಮಗುವಿನ ಸಾಧನ ಆರಿಸು ಅಂತಿದೆ. ಆದ್ರೆ ನಮ್ಮ ಮನೇಲಿರೋದು ನಾಲ್ಕು ಜನ, ಇದರಲ್ಲಿ ಹದಿಮೂರು ಸಾಧನ ಇವೆ!"

ನಾನು ಇಣುಕಿದೆ. ಐದನೆಯದು ನನ್ನದು. ಏಳನೆಯದು ಬೇಕರಿಯವನದು. ಹತ್ತನೆಯದು ಬೀದಿಯ ಕೊನೆಯ ಔಷಧದಂಗಡಿಯದು. ಅಷ್ಟು ದೂರಕ್ಕೆ ಹೇಗೆ ಹೋಯಿತೋ, ಪೆಟ್ಟಿಗೆಯ ಶಕ್ತಿಯನ್ನು ಮೆಚ್ಚಲೇಬೇಕು.

"ಇವೆಲ್ಲ ಮನೆಯ ಸಾಮಾನು," ಅಂದೆ. "ಇದು ಟೀವಿ. ಇದು ಫ್ಯಾನು. ಇದು ಫ್ರಿಜ್ಜು."

"ನಮ್ಮ ಫ್ರಿಜ್ಜು ತೊಂಬತ್ತಾರನೇ ಇಸವೀದು."

"ಹಳೇದಾದಷ್ಟೂ ಜಾಸ್ತಿ ಇಂಟರ್ನೆಟ್ ಕುಡಿಯುತ್ತೆ."

ಅಪಾರಿಸಿಯೋ ಫ್ರಿಜ್ಜನ್ನು ಅನುಮಾನದಿಂದ ನೋಡಿದ. ಅಷ್ಟರಲ್ಲಿ ಪಟ್ಟಿಯ ಕೆಳಗೆ ಅವನ ಕಣ್ಣಿಗೆ ಒಂದು ಹೆಸರು ಬಿತ್ತು: 'ಮಾರಿಯೆಲ್‌ಳ ಫೋನ್'. ಮಾರಿಯೆಲ್ ಅವನ ಒಬ್ಬಳೇ ಮಗಳು, ಹದಿನಾಲ್ಕು ವರ್ಷ. "ಸಿಕ್ಕಿತು!" ಎಂದು ಅದನ್ನು ಒತ್ತಿದ. ಮಗುವಿನ ವಯಸ್ಸು? ಹದಿನಾಲ್ಕು. ನೀವು ಮಗುವಿಗೆ ಏನಾಗಬೇಕು? ತಂದೆ. ಮುಗಿಯಿತು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಆಗ ಯಾರಾದರೂ ಅಪಾರಿಸಿಯೋನಿಗೆ ಹೇಳಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮಾರಿಯೆಲ್‌ಗೆ ಹುಟ್ಟುಹಬ್ಬಕ್ಕೆ ಹೊಸ ಫೋನು ಬಂದಿತ್ತು. ಹಳೆಯ ಫೋನನ್ನು ಅಪಾರಿಸಿಯೋ ತನ್ನ ಕೈಯಾರೆ ಅತ್ತೆಗೆ ಕೊಟ್ಟಿದ್ದ. ಕೊಟ್ಟದ್ದು ಅವನಿಗೆ ನೆನಪಿತ್ತು. ಫೋನಿನ ಜೊತೆ ಅದರ ಹೆಸರೂ ಹೋಗುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಹೀಗಾಗಿ ಮಂಗಳವಾರ ಬೆಳಗ್ಗೆ ಹತ್ತು ಗಂಟೆಯಿಂದ ನ್ಯಾ ಕಾಂದಿದಾ ತಮ್ಮ ಅಳಿಯನ ಹದಿನಾಲ್ಕು ವರ್ಷದ ಮಗಳಾದರು.

ಮೊದಲ ವಾರದ ವರದಿ ಬಂದಾಗ ಅಪಾರಿಸಿಯೋ ನನ್ನ ಕುರ್ಚಿಯಲ್ಲಿ, ಮುಖದ ತುಂಬ ಸೋಪಿನ ನೊರೆಯೊಂದಿಗೆ ಕೂತಿದ್ದ. ಬೇಕರಿಯವನು ತೆರೆರೆ ಎಂಬ ತಣ್ಣನೆಯ ಎಲೆಕಷಾಯ ಹೀರುತ್ತ ಸರದಿ ಕಾಯುತ್ತಿದ್ದ.

"ಕೇಳ್ರಪ್ಪಾ," ಎಂದು ಅಪಾರಿಸಿಯೋ ಓದಿದ. "'ಪ್ರಿಯ ಪೋಷಕರೇ, ಈ ವಾರ ನಿಮ್ಮ ಮಗು ಹುಡುಕಿದ ವಿಷಯಗಳು. ಒಂದು: ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು.'"

"ವಾಲಿಬಾಲ್ ಆಡ್ತಾಳಲ್ಲ," ಎಂದ ಬೇಕರಿಯವನು.

"'ಎರಡು: ಹಲ್ಲಿನ ಸೆಟ್ಟು ನಗುವಾಗ ಜಾರದಂತೆ ಏನು ಮಾಡಬೇಕು.'"

ನನ್ನ ಕೈಯಲ್ಲಿ ಕತ್ತಿ ನಿಂತಿತು.

"ಮಾರಿಯೆಲ್‌ಗೆ ಹಲ್ಲಿನ ಸೆಟ್ಟಾ?"

"ಇಲ್ಲ ಕಣೋ! ಇದ್ದಿದ್ರೆ ನಂಗೆ ಗೊತ್ತಿರ್ತಿರಲಿಲ್ವಾ?" ಎಂದವನು ಸ್ವಲ್ಪ ಹೊತ್ತು ಯೋಚಿಸಿದ. "ಗೊತ್ತಿರ್ತಿತ್ತು ತಾನೇ?"

ಆ ಅನುಮಾನ ಬಂದಮೇಲೆ ಅವನು ಕೂರಲಿಲ್ಲ. ಅರ್ಧ ಗಡ್ಡದಲ್ಲೇ ಎದ್ದು ಹೋಗಿ, ಶಾಲೆ ಬಿಡುವ ಹೊತ್ತಿಗೆ ಮಗಳನ್ನು ಹಿಡಿದು ಸೀದಾ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ದೀಪ ಹಾಕಿ ನೋಡಿದರು, ಕನ್ನಡಿ ಹಾಕಿ ನೋಡಿದರು.

"ಮೂವತ್ತು ವರ್ಷದಲ್ಲಿ ಇಂಥ ಒಳ್ಳೇ ಹಲ್ಲು ನೋಡಿಲ್ಲ ಕಾರಾಯ್."

"ಎಳೆದು ನೋಡಿ ಡಾಕ್ಟ್ರೇ. ಸ್ವಂತದ್ದೇನಾ?"

"ಅಪ್ಪಾ!" ಮಾರಿಯೆಲ್ ಬಾಯಲ್ಲಿದ್ದ ಹತ್ತಿಯ ನಡುವಿನಿಂದ ಕಿರುಚಿದಳು. "ನಿಂಗೇನು ಬಿಸಿಲು ಹೊಡೆದಿದೆಯಾ?"

ರಾತ್ರಿ ಊಟದ ಮೇಜಿನಲ್ಲಿ ಅಪಾರಿಸಿಯೋ ಉಪಾಯವಾಗಿ ಮಾತು ತೆಗೆದ. ಮಗಳ ಮುಖ ನೇರವಾಗಿ ನೋಡುವ ಧೈರ್ಯವಾಗದೆ ತಟ್ಟೆ ನೋಡುತ್ತ, "ಮೊಣಕಾಲು ನೋವು ಹೇಗಿದೆ?" ಎಂದ.

"ಈಗ ವಾಸಿಯಪ್ಪಾ," ಎಂದರು ನ್ಯಾ ಕಾಂದಿದಾ. ಹದಿನಾರು ವರ್ಷದಲ್ಲಿ ಅಳಿಯ ಕೇಳಿದ ಮೊದಲ ಕ್ಷೇಮಸಮಾಚಾರ. "ನೀನು ಕೇಳಿದ್ದೇ ಹೆಚ್ಚು, ಮಗನೇ." ತಮ್ಮ ತಟ್ಟೆಯಲ್ಲಿದ್ದ ದೊಡ್ಡ ಮಾಂಸದ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದರು. ಮಗಳನ್ನು ಕೇಳಿದರೆ ಅತ್ತೆ ಏಕೆ ಉತ್ತರ ಕೊಟ್ಟರು, ಮಾಂಸ ಏಕೆ ಬಂತು ಎಂಬುದೊಂದೂ ತಿಳಿಯದೆ ಅಪಾರಿಸಿಯೋ ಅದನ್ನು ತಿಂದ.

ಎರಡನೆಯ ವಾರದ ವರದಿ ಇನ್ನೂ ಗಂಭೀರವಾಗಿತ್ತು. ಮಗು ಮಧ್ಯಾಹ್ನ ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಎರಡು ಗಂಟೆ ಹಳೆಯ ಬೊಲೆರೊ ಹಾಡು ಕೇಳಿತ್ತು. ವಿಧವೆ ಮರುಮದುವೆಯಾದರೆ ಸತ್ತ ಗಂಡನ ಪಿಂಚಣಿ ನಿಲ್ಲುತ್ತದೆಯೇ ಎಂದು ವಿಚಾರಿಸಿತ್ತು. ಸೊಂಟ ಹಿಡಿಯದಂತೆ ಚಮಾಮೆ ಕುಣಿಯುವುದು ಹೇಗೆಂದು ಮೂರು ವಿಡಿಯೋ ನೋಡಿತ್ತು.

ಅಪಾರಿಸಿಯೋ ಆ ವರದಿ ಹಿಡಿದುಕೊಂಡು ಪ್ರೊಫೆ ಗ್ರಿಸೆಲ್ದಾ ಬಳಿಗೆ ಓಡಿದ. ಪ್ರೊಫೆ ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಕಿಟಕಿಯಾಚೆ ನೋಡಿದರು.

"ಕಾರಾಯ್ ಗಾವಿಲಾನ್, ಇದು ಅಪರೂಪದ ಕೇಸು. ನಿಮ್ಮ ಮಗಳ ವಯಸ್ಸು ಹದಿನಾಲ್ಕು. ಆದ್ರೆ ಅವಳ ಮನಸ್ಸು ದೇಹವನ್ನ ಬಿಟ್ಟು ಮುಂದೆ ಓಡ್ತಿದೆ."

"ಎಲ್ಲಿವರೆಗೆ ಓಡಿದೆ?"

"ಈ ಪಿಂಚಣಿ ನೋಡಿದ್ರೆ... ಒಂದು ಅರವತ್ತೈದರ ಹತ್ತಿರ ಇರಬಹುದು."

"ಅಯ್ಯೋ! ವಾಪಸ್ ಕರ್ಕೊಂಡು ಬರೋದು ಹೇಗೆ?"

"ಬಾಲ್ಯ ಕೊಡಿ. ಆಟದ ಸಾಮಾನು, ಬಲೂನು, ಗೊಂಬೆ. ಎಷ್ಟು ಆಗುತ್ತೋ ಅಷ್ಟು ಬಾಲ್ಯ ಕೊಡಿ."

ಆ ಸಂಜೆ ಮಾರಿಯೆಲ್ ಗೆಳತಿಯರೊಡನೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾಗ ಅವಳ ಅಪ್ಪ ಬೀದಿಯ ತುದಿಯಿಂದ ಬಂದ. ಒಂದು ಕೈಯಲ್ಲಿ ಹನ್ನೆರಡು ಬಲೂನು, ಇನ್ನೊಂದು ಕೈಯಲ್ಲಿ ಚಿಂದಿಬಟ್ಟೆಯ ಗೊಂಬೆ. "ತಗೋ ಕಂದಾ, ಇದಕ್ಕೆ ಜೋಜೋ ಹಾಡು," ಎಂದು ಎಲ್ಲರೆದುರು ಕೊಟ್ಟ. ಮಾರಿಯೆಲ್ ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಗೊಂಬೆಯನ್ನು ನ್ಯಾ ಕಾಂದಿದಾ ಎತ್ತಿಕೊಂಡು ತಮ್ಮ ಮಂಚದ ಮೇಲೆ ಕೂರಿಸಿದರು. ಅಳಿಯ ಈಚೆಗೆ ಮನೆಗೆ ಎಷ್ಟು ಚೆಂದದ ವಸ್ತು ತರುತ್ತಿದ್ದಾನೆಂದು ನನ್ನ ಹತ್ತಿರ ಹೊಗಳಿದರು.

ಮೂರನೆಯ ವಾರ ಬಂತು ನೋಡಿ.

ಅಪಾರಿಸಿಯೋ ಅಂಗಡಿಗೆ ಬಂದವನು ಕುರ್ಚಿಯಲ್ಲಿ ಕೂರಲೂ ಇಲ್ಲ. ಫೋನನ್ನು ನನ್ನ ಮುಖಕ್ಕೆ ಹಿಡಿದ. 'ಮನೆಯವರಿಗೆ ಹೇಳದೆ ಮದುವೆಯಾಗಲು ಯಾವ ಯಾವ ಕಾಗದ ಬೇಕು.' ಅದರ ಕೆಳಗೆ, 'ಶನಿವಾರ ನದಿಯಾಚೆಗೆ ಅರ್ಜೆಂಟೀನಾ ಕಡೆ ದೋಣಿ ಎಷ್ಟು ಗಂಟೆಗೆ.'

"ಹುಡುಗಿ ಓಡಿಹೋಗ್ತಾಳೆ, ಸಿಪ್ರಿ."

"ಯಾರ ಜೊತೆ?"

"ಅದನ್ನ ಹುಡುಕಿಲ್ಲ!"

ಅವನು ಅಲ್ಲೇ ನಿಂತು 'ಮದುವೆ', 'ದೋಣಿ' ಎಂಬ ಎರಡು ಶಬ್ದಗಳಿಗೆ ಬೀಗ ಹಾಕಿದ. ಆಮೇಲಿನ ಮೂರು ದಿನ ಬೀದಿದೀಪ ವಿಭಾಗ ಅವನನ್ನು ಕಾಣಲಿಲ್ಲ. ಶಾಲೆಯೆದುರು ಲಪಾಚೋ ಮರದ ಹಿಂದೆ ನಿಂತಿರುತ್ತಿದ್ದ. ಅವನು ಮರಕ್ಕಿಂತ ದಪ್ಪವಿದ್ದದ್ದರಿಂದ ಮರದ ಎರಡು ಕಡೆಯಿಂದಲೂ ಕಾಣುತ್ತಿದ್ದ. ಓಡಾಡುವವರೆಲ್ಲ "ನಮಸ್ಕಾರ ದೋನ್ ಅಪಾರಿಸಿಯೋ, ಮರದ ಹಿಂದೆ ಯಾಕೆ ನಿಂತಿದ್ದೀರಿ?" ಎಂದು ವಿಚಾರಿಸಿ ಹೋಗುತ್ತಿದ್ದರು. "ದೀಪ ಪರೀಕ್ಷೆ," ಎನ್ನುತ್ತಿದ್ದ, ಹಾಡುಹಗಲಲ್ಲಿ. ದೋಣಿಕಟ್ಟೆಗೂ ಹೋಗಿ, ಅಲ್ಲಿದ್ದ ಕಾವಲಿನ ಪೊಲೀಸನಿಗೆ ಶನಿವಾರ ತನ್ನ ಮನೆಯ ಹೆಣ್ಣು ಯಾರಾದರೂ ದೋಣಿ ಹತ್ತಿದರೆ ತಡೆಯಬೇಕೆಂದು ಹೇಳಿ ಬಂದ.

ಈಗ ಗೋಡೆಯ ಆ ಕಡೆ ಏನಾಯಿತೆಂದು ಹೇಳುತ್ತೇನೆ. ಇದು ನ್ಯಾ ಕಾಂದಿದಾ ಆಮೇಲೆ ಸ್ವತಃ ಹೇಳಿದ್ದು.

ಬುಧವಾರ ಮಧ್ಯಾಹ್ನ ಅವರು ಫೋನಿನಲ್ಲಿ ಮದುವೆಯ ಕಾಗದಪತ್ರದ ಪುಟ ತೆರೆದರು. ಪರದೆ ಬಿಳಿಯಾಯಿತು. ನಡುವೆ ಒಂದು ನಗುಮುಖದ ಕರಡಿಮರಿ ಬಂತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ನಿಲ್ಲು! ಇದನ್ನು ನೋಡಲು ನಿನ್ನ ತಂದೆಯ ಅನುಮತಿ ಬೇಕು.'

ನ್ಯಾ ಕಾಂದಿದಾರ ತಂದೆ ದೋನ್ ಕ್ರೆಸೆನ್ಸಿಯೋ ತೀರಿಕೊಂಡು ಮೂವತ್ತೊಂದು ವರ್ಷವಾಗಿತ್ತು.

ಆಕೆ ದಡ್ಡ ಹೆಂಗಸಲ್ಲ. ಆದರೆ 'ನಿನ್ನ ತಂದೆ' ಎಂದು ಬರೆದದ್ದನ್ನು ಬೇರೆ ಹೇಗೆ ಓದಬೇಕು, ನೀವೇ ಹೇಳಿ. ಅದೂ ಅಲ್ಲದೆ ಈ ವಿಷಯದಲ್ಲಿ ಅಪ್ಪನ ಹೆಸರು ಬಂದದ್ದು ಅದೇ ಮೊದಲಲ್ಲ. ಹದಿನೆಂಟರ ವಯಸ್ಸಿನಲ್ಲಿ ಆಕೆಯನ್ನು ಬಾಲ್ಬಿನೋ ಎಂಬ ದೋಣಿಯ ಹುಡುಗ ಇಷ್ಟಪಟ್ಟಿದ್ದ. ಆಕೆಯೂ. ಬಾಲ್ಬಿನೋ ತನ್ನ ತಮ್ಮನ ಕೈಯಲ್ಲಿ ಹೇಳಿಕಳಿಸಿದ ಆ ಸಂಬಂಧಕ್ಕೆ ದೋನ್ ಕ್ರೆಸೆನ್ಸಿಯೋ ಚಾಕು ಮಸೆಯುತ್ತಲೇ ಒಂದೇ ಶಬ್ದದ ಉತ್ತರ ಕೊಟ್ಟಿದ್ದರು: "ಇಲ್ಲ." ಅಲ್ಲಿಗೆ ಬಾಲ್ಬಿನೋ ನದಿಯಾಚೆ ಹೋದ. ಅವನಿಗೊಂದು ಮದುವೆಯಾಯಿತು, ಇವರಿಗೊಂದು ಮದುವೆಯಾಯಿತು. ಮಕ್ಕಳಾದವು. ಇಬ್ಬರ ಸಂಗಾತಿಗಳೂ ತೀರಿಕೊಂಡರು. ಹೋದ ವರ್ಷ ದೋಣಿಕಟ್ಟೆಯಲ್ಲಿ ಕಿತ್ತಳೆ ಇಳಿಸುತ್ತಿದ್ದ ಒಬ್ಬ ಮುದುಕರು ಹಠಾತ್ತನೆ ತಲೆ ಎತ್ತಿ, "ಕಾಂದಿದಾ, ನೀನೇನಾ?" ಎಂದಿದ್ದರು.

ಕರಡಿಮರಿಯ ಕೆಳಗೆ ಒಂದು ಗುಂಡಿ ಇತ್ತು: 'ತಂದೆಯನ್ನು ಕೇಳು'. ನ್ಯಾ ಕಾಂದಿದಾ ಶಿಲುಬೆಯ ಗುರುತು ಮಾಡಿಕೊಂಡು ಒತ್ತಿದರು. ಬರೆಯಲು ಜಾಗ ಬಂತು. ಬರೆದರು.

ಲಪಾಚೋ ಮರದ ಹಿಂದೆ ಅಪಾರಿಸಿಯೋನ ಫೋನು ಕುಣಿಯಿತು. 'ಮಾರಿಯೆಲ್‌ಳ ಫೋನ್: ಪಪ್ಪಾ, ಒಪ್ಪಿಗೆ ಕೊಡಿ. ನಾನು ಯಾವತ್ತೂ ನಿಮ್ಮ ಮಾತು ಮೀರಿದವಳಲ್ಲ. ಅವನು ಒಳ್ಳೆಯವನು, ಕುಡಿಯೋದಿಲ್ಲ. ಸ್ವಂತ ದೋಣಿ ಇದೆ.'

ಅಪಾರಿಸಿಯೋ ಮರಕ್ಕೆ ಒರಗಿಕೊಂಡ. ಕೆಳಗಿದ್ದ 'ನಿರಾಕರಿಸು' ಎಂಬುದನ್ನು ಒಂದು ಸಲ ಒತ್ತಿದ್ದರೆ ಸಾಕಿತ್ತು. ಅವನು ನಾಲ್ಕು ಸಲ ಒತ್ತಿದ.

ನ್ಯಾ ಕಾಂದಿದಾರ ಪರದೆಯಲ್ಲಿ ಕರಡಿಮರಿ ಅಳುಮುಖ ಮಾಡಿಕೊಂಡು ಬಂತು. 'ನಿನ್ನ ತಂದೆ ಇಲ್ಲ ಎಂದಿದ್ದಾರೆ.' ಹೀಗೆ ನಾಲ್ಕು ಸಲ.

ಮುದುಕಿ ಪಾದ್ರಿಗಳ ಹತ್ತಿರ ಹೋಗಿ, ಸತ್ತವರು ಫೋನಿನಲ್ಲಿ ಉತ್ತರ ಕೊಡಬಹುದೇ ಎಂದು ಕೇಳಿದರು. ಅವಸರದಲ್ಲಿದ್ದ ಪಾದ್ರಿಗಳು, ಈಗಿನ ಕಾಲದಲ್ಲಿ ಯಾವುದನ್ನೂ ಇಲ್ಲ ಅನ್ನೋಕಾಗಲ್ಲ ಎಂದರು. ಅಲ್ಲಿಂದ ನೇರ ಸ್ಮಶಾನಕ್ಕೆ. ಹೂ ಮಾರುವವಳು ಕಣ್ಣಾರೆ ಕಂಡದ್ದು ಇದು. ನ್ಯಾ ಕಾಂದಿದಾ ಅಪ್ಪನ ಗೋರಿಯೆದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಸತ್ತು ಮೂವತ್ತೊಂದು ವರ್ಷವಾಯ್ತಲ್ಲ ಪಪ್ಪಾ, ಇನ್ನೂ ಬುದ್ಧಿ ಬರಲಿಲ್ವಾ ನಿಮಗೆ?" ಎಂದು ಅರ್ಧ ಗಂಟೆ ಬೈದರಂತೆ.

ಗುರುವಾರ ಮತ್ತೊಮ್ಮೆ ಕೇಳಿದರು. ಮತ್ತೆ ಇಲ್ಲ.

ಶುಕ್ರವಾರ ಭಾಷಣದ ದಿನ. ಮಧ್ಯಾಹ್ನ ಅಂಗಡಿ ಮುಚ್ಚುವಷ್ಟರಲ್ಲಿ ನ್ಯಾ ಕಾಂದಿದಾ ಬಂದು ಕುರ್ಚಿಯಲ್ಲಿ ಕೂತರು. "ಬಣ್ಣ ಹಚ್ಚು, ಸಿಪ್ರಿಯಾನೋ. ಗಟ್ಟಿಯಾಗಿ ಹಚ್ಚು." ಮುಖ ಯುದ್ಧಕ್ಕೆ ಹೊರಟವರಂತಿತ್ತು. ನಾನು ಬಣ್ಣ ಹಚ್ಚಿ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ, "ಇಪ್ಪತ್ತೈದು ನಿಮಿಷ ಮುಟ್ಟಬೇಡಿ. ಶಾಲೆಗೆ ಮುಖ ತೋರಿಸಿ ಈಗ ಬಂದೆ," ಎಂದು ಹೊರಟೆ.

ಅಪಾರಿಸಿಯೋ ಮದುವೆಯ ಕೋಟು ಹಾಕಿಕೊಂಡು ವೇದಿಕೆಯ ಮೇಲಿದ್ದ. ನಿಲ್ಸಾ ಮೊದಲ ಸಾಲಿನಲ್ಲಿ. ಮಾರಿಯೆಲ್ ಮೂರನೆಯ ಸಾಲಿನಲ್ಲಿ, ಮುಖ ಮುಚ್ಚಿಕೊಂಡು. ಮಕ್ಕಳ ಫೋನುಗಳನ್ನೆಲ್ಲ ಎಂದಿನಂತೆ ಬಾಗಿಲಲ್ಲೇ ಬುಟ್ಟಿಯಲ್ಲಿ ಇಡಿಸಿಕೊಂಡಿದ್ದರು. ಪ್ರೊಫೆ ಗ್ರಿಸೆಲ್ದಾ ಅಪಾರಿಸಿಯೋನ ಫೋನಿಗೆ ತಂತಿ ಜೋಡಿಸಿದರು. ಹಿಂದಿನ ಬಿಳಿ ಪರದೆಯ ಮೇಲೆ ಅದು ಗೋಡೆಯಷ್ಟು ದೊಡ್ಡದಾಗಿ ಕಂಡಿತು.

"ಮಾನ್ಯ ಪೋಷಕರೇ," ಎಂದು ಶುರುಮಾಡಿದ. "ಕಾವಲು ಅನ್ನೋದು... ಕಾಯೋದು. ಮಗು ಏನು ಮಾಡ್ತಿದೆ ಅನ್ನೋದು ತಂದೆಯಾದವನಿಗೆ ಗೊತ್ತಿರಬೇಕು. ನಂಗೆ ಎಲ್ಲಾ ಗೊತ್ತು. ಆದ್ರೆ ಏನೂ ಅರ್ಥ ಆಗಿಲ್ಲ."

ಈ ಮಾತಿಗೆ ತುಂಬ ಜನ ತಲೆದೂಗಿದರು. ಮೂರು ವಾರದ ಸಿದ್ಧತೆಯಲ್ಲಿ ಅವನು ಹೇಳಿದ ಅತ್ಯಂತ ನಿಜವಾದ ಮಾತು ಅದೇ ಎಂದು ನನಗೀಗಲೂ ಅನ್ನಿಸುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ ಟಣ್ ಎಂದು ಸದ್ದಾಯಿತು. ಆಳೆತ್ತರದ ಕರಡಿಮರಿಯ ಪಕ್ಕದಲ್ಲಿ ಅಕ್ಷರಗಳು ಮೂಡಿದವು:

'ಮಾರಿಯೆಲ್‌ಳ ಫೋನ್: ಪಪ್ಪಾ, ಇದು ಮೂರನೇ ಸಲ, ಇದೇ ಕೊನೆ. ನಾಳೆ ಅವನು ದೋಣಿ ತರ್ತಾನೆ. ನೀವು ಹೂಂ ಅಂದ್ರೂ ಹೋಗ್ತೀನಿ, ಇಲ್ಲ ಅಂದ್ರೂ ಹೋಗ್ತೀನಿ. ಹೂಂ ಅಂದ್ರೆ ಮನಸ್ಸಿಗೆ ನೆಮ್ಮದಿ.'

ಇನ್ನೂರು ಜನ ಒಟ್ಟಿಗೆ ಓದಿದರು. ಆಮೇಲೆ ಇನ್ನೂರು ಜನ ಒಟ್ಟಿಗೆ ಮೂರನೆಯ ಸಾಲಿನ ಕಡೆ ತಿರುಗಿದರು. ಪ್ರೊಫೆ ಗ್ರಿಸೆಲ್ದಾ ಕುರ್ಚಿ ಹುಡುಕಿಕೊಂಡು ಕುಸಿದರು.

"ಮಾರಿಯೆಲ್!" ಅಪಾರಿಸಿಯೋನ ದನಿ ಒಡೆದುಹೋಯಿತು. "ಅಪ್ಪನ ಎದುರೇ ಕೂತ್ಕೊಂಡು ಹೀಗೆ ಬರೀತೀಯಾ?"

ಮಾರಿಯೆಲ್ ಎದ್ದು ನಿಂತು ಎರಡೂ ಖಾಲಿ ಕೈ ಮೇಲೆತ್ತಿದಳು. "ಯಾವುದರಲ್ಲಿ ಬರೀಲಿ ಅಪ್ಪಾ? ಹಣೇಲಾ? ನನ್ನ ಫೋನು ಬಾಗಿಲಲ್ಲಿದೆ!"

ಸಭೆ ಬಾಗಿಲ ಕಡೆ ತಿರುಗಿತು. ಬುಟ್ಟಿಯಲ್ಲಿ ಫೋನುಗಳು ತಣ್ಣಗೆ ಬಿದ್ದಿದ್ದವು. ಯಾರಿಗೂ ಏನೂ ತಿಳಿಯಲಿಲ್ಲ. ಆಗ ಮತ್ತೆ ಟಣ್.

'ನಂಗೂ ಅರವತ್ತೆಂಟು ತುಂಬಿತು ಪಪ್ಪಾ. ಇನ್ನೆಷ್ಟು ಕಾಯಲಿ?'

ಅಪಾರಿಸಿಯೋ ಪರದೆಯನ್ನು ನೋಡಿದ, ಮಗಳನ್ನು ನೋಡಿದ, ಪ್ರೊಫೆ ಕಡೆ ನೋಡಿದ. "ಅರವತ್ತೆಂಟಕ್ಕೆ ಓಡಿಬಿಡ್ತಲ್ಲ ಪ್ರೊಫೆ!" ಎಂದ, ಅಳು ನುಂಗಿಕೊಂಡು.

ನಿಲ್ಸಾ ಮೆಲ್ಲನೆ ಎದ್ದಳು. ಬಾಯಿಗೆ ಕೈ ಹೋಗಿತ್ತು.

"ಅದು ಹಳೇ ಫೋನು, ಅಪಾರಿಸಿಯೋ. ಅದು ಅಮ್ಮ!"

ನನಗೆ ಆಗ ಬಣ್ಣ ನೆನಪಾಯಿತು. ಗಡಿಯಾರ ನೋಡಿದೆ. ಹಚ್ಚಿ ಬಂದು ಒಂದು ಗಂಟೆ ಹತ್ತು ನಿಮಿಷ ಆಗಿತ್ತು.

ಆರು ಬೀದಿಗಳನ್ನು ನಾವು ಓಡಿದೆವು. ಮುಂದೆ ನಾನು, ನನ್ನ ಹಿಂದೆ ಅಪಾರಿಸಿಯೋನ ಸಂಸಾರ, ಅವರ ಹಿಂದೆ ಪ್ರೊಫೆ ಗ್ರಿಸೆಲ್ದಾ, ಆಮೇಲೆ ಮನೆಗೆ ಹೋಗಲು ಯಾವ ಅವಸರವೂ ಇಲ್ಲದ ತಂದೆತಾಯಿಗಳ ದೊಡ್ಡ ದಂಡು. ಅಂಗಡಿಯ ಬಾಗಿಲು ತೆರೆದಾಗ ನ್ಯಾ ಕಾಂದಿದಾ ಪ್ಲಾಸ್ಟಿಕ್ ಟೋಪಿ ತೆಗೆದು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವರ ತಲೆಗೂದಲು ಜಕರಾಂಡ ಹೂವಿನ ಬಣ್ಣಕ್ಕೆ, ಅಪ್ಪಟ ನೇರಳೆಗೆ ತಿರುಗಿತ್ತು. ಅವರಿನ್ನೂ ಕನ್ನಡಿ ನೋಡಿರಲಿಲ್ಲ.

ಅಪಾರಿಸಿಯೋ ಏದುಸಿರಿನಲ್ಲಿ ಅವರೆದುರು ನಿಂತ.

"ಅತ್ತೆ, ಅದು ನಾನು. ಇಲ್ಲ ಅಂದದ್ದು ನಾನು."

"ಏನು?"

"ಫೋನಲ್ಲಿ. ನಿಮ್ಮ ತಂದೆ... ಅಂದ್ರೆ ನಿಮ್ಮ ತಂದೆ ನಾನು. ಆ್ಯಪಿನಲ್ಲಿ. ಮಗಳು ಅಂತ ನಿಮ್ಮನ್ನ ಹಾಕಿದ್ದೆ. ಗೊತ್ತಿಲ್ದೆ."

ಮುದುಕಿ ಇದನ್ನು ನಿಧಾನವಾಗಿ ಒಳಗಿಳಿಸಿಕೊಂಡರು. ಅಂಗಡಿಯ ಬಾಗಿಲು, ಕಿಟಕಿ, ಮೆಟ್ಟಿಲ ತುಂಬ ಮುಖಗಳು.

"ನೀನಾ?" ಎಂದರು ಕೊನೆಗೆ. "ನಾನು ಸ್ಮಶಾನಕ್ಕೆ ಹೋಗಿ ಆ ಮುದುಕನಿಗೆ ಅರ್ಧ ಗಂಟೆ ಬೈದು ಬಂದೆನಲ್ಲೋ, ಪಾಪಿ!"

"ತಪ್ಪಾಯ್ತು ಅತ್ತೆ."

"ಮೊಣಕಾಲು ಹೇಗಿದೆ ಅಂತ ಕೇಳಿದ್ದು?"

ಅಪಾರಿಸಿಯೋ ತಲೆ ತಗ್ಗಿಸಿದ. "ಅದು ಮಾರಿಯೆಲ್‌ಗೆ ಕೇಳಿದ್ದು."

ನ್ಯಾ ಕಾಂದಿದಾರ ಮುಖ ಒಂದು ಗಳಿಗೆ ಸಣ್ಣದಾಯಿತು. ಅಪಾರಿಸಿಯೋ ಅದನ್ನು ಕಂಡ. ಆ ಮೂರು ವಾರದಲ್ಲಿ ಅವನಿಗೆ ಸರಿಯಾಗಿ ಅರ್ಥವಾದದ್ದು ಅದೊಂದೇ ಎಂದು ಕಾಣುತ್ತದೆ.

"ಅಮ್ಮಾ," ಎಂದಳು ನಿಲ್ಸಾ ಕಣ್ಣೊರೆಸಿಕೊಳ್ಳುತ್ತ. "ನನಗೆ ಯಾಕೆ ಹೇಳಲಿಲ್ಲ?"

"ಅರವತ್ತೆಂಟಕ್ಕೆ ಮದುವೆ ಅಂದ್ರೆ ನಗ್ತೀರಿ ಅಂತ."

ಯಾರೂ ನಗಲಿಲ್ಲ. ಆ ನೇರಳೆ ತಲೆಯನ್ನು ಎದುರಿಗಿಟ್ಟುಕೊಂಡು ನಗದೆ ನಿಲ್ಲುವುದು ನಮ್ಮ ಊರಿನವರಿಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಬೇಕರಿಯವನು ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಭುಜ ಕುಲುಕುತ್ತಿತ್ತು.

"ಈಗಲೇ ಒಪ್ಪಿಗೆ ಕೊಡ್ತೀನಿ ಅತ್ತೆ, ಈಗಲೇ," ಎಂದು ಅಪಾರಿಸಿಯೋ ಫೋನು ತೆಗೆದು ಗಡಿಬಿಡಿಯಲ್ಲಿ ಏನೋ ಒತ್ತಿದ. 'ಇಡೀ ಮನೆಯ ಇಂಟರ್ನೆಟ್ ನಿಲ್ಲಿಸಲಾಗಿದೆ' ಎಂದು ಬಂತು. ಮರುಕ್ಷಣ ಬೀದಿಯ ಎರಡೂ ಕಡೆಯಿಂದ ಕೂಗೆದ್ದಿತು. "ಏ, ನೆಟ್ ಹೋಯ್ತು!" ಎಂದಳು ಬೇಕರಿಯೊಳಗಿಂದ ಬೇಕರಿಯವನ ಹೆಂಡತಿ. ಔಷಧದಂಗಡಿಯವರು ರಸ್ತೆಗೇ ಬಂದರು. ಅಪಾರಿಸಿಯೋ ಬೀದಿಯನ್ನು ನೋಡಿದ. ಆಮೇಲೆ ನನ್ನ ಬಾಗಿಲಿನ ಬೋರ್ಡನ್ನು ನೋಡಿದ. ಆಮೇಲೆ ನನ್ನನ್ನು.

"ಫ್ರಿಜ್ಜು ಅಂದೆಯಲ್ಲೋ, ಸಿಪ್ರಿ."

ಬೋರ್ಡು ಆ ಸಂಜೆಯೇ ಇಳಿಯಿತು.

ನ್ಯಾ ಕಾಂದಿದಾ ಎದ್ದು ನಿಂತು ಸೆರಗಿನಂತೆ ಹೊದ್ದಿದ್ದ ನನ್ನ ಟವಲನ್ನು ಮಡಿಸಿಟ್ಟರು. "ಒತ್ತೋದು ಬಿಡು, ಅಪಾರಿಸಿಯೋ. ಅಪ್ಪ ಇಲ್ಲ ಅಂದಾಗ ಐವತ್ತು ವರ್ಷ ಸುಮ್ಮನಿದ್ದೆ. ನಿನ್ನ ಮಾತನ್ನ ನಾನು ಯಾವತ್ತು ಕೇಳಿದ್ದೀನಿ?" ಅಷ್ಟು ಹೇಳಿ ಕನ್ನಡಿಯ ಕಡೆ ತಿರುಗಿದರು. ಮುಂದಿನ ಹತ್ತು ನಿಮಿಷ ಅವರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಶನಿವಾರ ಬೆಳಗ್ಗೆ ದೋಣಿಕಟ್ಟೆಯಲ್ಲಿ ಜನವೋ ಜನ. ನ್ಯಾ ಕಾಂದಿದಾ ಗುಟ್ಟಾಗಿ ಹೋಗಬೇಕೆಂದಿದ್ದ ಪ್ರಯಾಣಕ್ಕೆ ಅರ್ಧ ಪಿಲಾರ್ ಬಂದಿತ್ತು. ನೇರಳೆ ಕೂದಲಿಗೆ ಹೊಂದುವ ರವಿಕೆಯನ್ನು ಮಾರಿಯೆಲ್ ತನ್ನ ಪೆಟ್ಟಿಗೆಯಿಂದ ಹುಡುಕಿ ಕೊಟ್ಟಿದ್ದಳು. "ಬೇಕಂತಲೇ ಹಾಕಿಸಿದ್ದು ಅಂತ ಹೇಳು, ಅಜ್ಜಿ. ಈಗ ಇದೇ ಫ್ಯಾಷನ್ನು," ಎಂದು ಧೈರ್ಯವನ್ನೂ ಕೊಟ್ಟಿದ್ದಳು. ಪೊಲೀಸನು ಮಾತ್ರ ಅಪಾರಿಸಿಯೋನ ಮೊದಲಿನ ಮಾತು ನಂಬಿ, "ಗಾವಿಲಾನ್ ಮನೆಯ ಹೆಣ್ಣನ್ನ ಬಿಡಲ್ಲ," ಎಂದು ಅಡ್ಡ ನಿಂತಿದ್ದ. ಅವನನ್ನು ಸರಿಸಲು ಸ್ವಲ್ಪ ಹೊತ್ತು ಹಿಡಿಯಿತು.

ದೋಣಿ ಬಂತು. ಅದರಿಂದ ದೋನ್ ಬಾಲ್ಬಿನೋ ಇಳಿದರು. ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಂದಿದಾರ ತಲೆಯನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಆಕೆಯ ಕಡೆ ಬರದೆ ಅಪಾರಿಸಿಯೋನ ಎದುರಿಗೆ ಬಂದು ಟೊಪ್ಪಿ ತೆಗೆದರು.

"ಕಾರಾಯ್, ಕಾಂದಿದಾ ನಿನ್ನೆ ಫೋನಿನಲ್ಲಿ ಎಲ್ಲಾ ಹೇಳಿದ್ಲು. ಐವತ್ತು ವರ್ಷದ ಹಿಂದೆ ನನಗೆ ಅವರಪ್ಪನ ಮುಂದೆ ನಿಲ್ಲೋ ಧೈರ್ಯ ಸಾಲಲಿಲ್ಲ. ತಮ್ಮನ ಕೈಲಿ ಹೇಳಿಕಳಿಸಿದೆ. ಅದಕ್ಕೇ ಇಲ್ಲ ಅಂದ್ರೋ ಏನೋ. ಈ ಸಲ ನಾನೇ ಬಂದಿದ್ದೀನಿ. ಮದುವೆ ಗುಟ್ಟಾಗಿ ಬೇಡ, ಆಮೇಲೆ ಎಲ್ಲರ ಮುಂದೆ ಆಗಲಿ. ಇವತ್ತು ಅವಳನ್ನ ನನ್ನ ಹೆಣ್ಣುಮಕ್ಕಳಿಗೆ ತೋರಿಸೋಕೆ ಕರ್ಕೊಂಡು ಹೋಗಬಹುದಾ?"

ತನಗಿಂತ ಇಪ್ಪತ್ತು ವರ್ಷ ದೊಡ್ಡವರು ಟೊಪ್ಪಿ ಹಿಡಿದು ನಿಂತಿದ್ದನ್ನು ಕಂಡು ಅಪಾರಿಸಿಯೋ ನೆಟ್ಟಗೆ ನಿಂತ. ಕೋಟು ಎಳೆದುಕೊಂಡ. ಕೆಮ್ಮಿದ. ಹೂಂ ಎಂದರೆ ಸಾಕು ಎಂದು ನಿಲ್ಸಾ ಹಿಂದಿನಿಂದ ತಿವಿದಳು. ಆದರೆ ತಂದೆಯಾದವನು ಇಂಥ ಹೊತ್ತಿನಲ್ಲಿ ಏನಾದರೂ ಕೇಳಬೇಕೆಂದು ಅವನಿಗೆಲ್ಲೋ ಅನ್ನಿಸಿರಬೇಕು.

"ಎಷ್ಟು ಗಂಟೆಗೆ ವಾಪಸ್ ತಂದು ಬಿಡ್ತೀರಿ?" ಎಂದ.

ದೋನ್ ಬಾಲ್ಬಿನೋ ಗಂಭೀರವಾಗಿ ಯೋಚಿಸಿದರು. "ಆರಕ್ಕೆ ಆಗಬಹುದಾ, ಕಾರಾಯ್?"

"ಆರಕ್ಕೆ," ಎಂದ ಅಪಾರಿಸಿಯೋ.

"ಏಳಕ್ಕೆ," ಎಂದರು ನ್ಯಾ ಕಾಂದಿದಾ. ಲಂಗ ಎತ್ತಿ ಹಿಡಿದು, ಇಬ್ಬರಲ್ಲಿ ಯಾರ ಕೈಯನ್ನೂ ಹಿಡಿಯದೆ ದೋಣಿಗೆ ಹತ್ತಿ ಮುಂದಿನ ಹಲಗೆಯ ಮೇಲೆ ಕೂತರು.

ಐದೂವರೆಯಿಂದಲೇ ಅಪಾರಿಸಿಯೋ ದಡದ ಮೇಲಿದ್ದ. ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ. ಆರಕ್ಕೆ ನಿಂತು ನದಿ ನೋಡಿದ. ಆರೂವರೆಗೆ "ಒಂದು ಮೆಸೇಜಾದ್ರೂ ಹಾಕಬಾರದಾ?" ಎಂದು ನನ್ನ ಮೇಲೆ ರೇಗಿದ. ಏಳಕ್ಕೆ ಪೊಲೀಸನ ದುರ್ಬೀನು ಕಿತ್ತುಕೊಂಡ. ನದಿಯ ಮೇಲೆ ಬೆಳಕು ಕೆಂಪಾಗುತ್ತಿದ್ದಾಗ ದೋಣಿ ಕಾಣಿಸಿತು. ಹಾಡು ಮೊದಲು ಕೇಳಿಸಿತು, ಎರಡು ದನಿ, ಎರಡೂ ಶ್ರುತಿ ತಪ್ಪಿದ್ದು.

ನ್ಯಾ ಕಾಂದಿದಾ ದಡಕ್ಕೆ ಇಳಿದು ಅಳಿಯನ ಮುಖ ನೋಡಿದರು.

"ಏನೋ, ಬೈಯ್ತೀಯಾ?"

"ಇಲ್ಲ." ಅಪಾರಿಸಿಯೋ ದುರ್ಬೀನನ್ನು ಪೊಲೀಸನಿಗೆ ವಾಪಸ್ ಕೊಟ್ಟ. "ಮೊಣಕಾಲು ಹೇಗಿದೆ ಅತ್ತೆ? ನಿಮಗೇ ಕೇಳಿದ್ದು."

"ಕುಣಿದಿದ್ದೀನಿ. ನೋಯ್ತಿದೆ."

"ಹಂಗಾದ್ರೆ ನನ್ನ ಕೈ ಹಿಡ್ಕೊಳಿ. ದೋನ್ ಬಾಲ್ಬಿನೋ, ನೀವೂ ಬನ್ನಿ. ನಿಲ್ಸಾ ಒಲೆಯ ಮೇಲೆ ಮೀನಿನ ಸಾರು ಇಟ್ಟಿದ್ದಾಳೆ."

ನ್ಯಾ ಕಾಂದಿದಾ ಅವನ ತೋಳು ಹಿಡಿದು ಕುಂಟುತ್ತ ಮೆಟ್ಟಿಲು ಹತ್ತಿದರು. ದೋನ್ ಬಾಲ್ಬಿನೋ ದೋಣಿಯನ್ನು ದಡಕ್ಕೆ ಎಳೆದು, ಹಗ್ಗಕ್ಕೆ ಎರಡು ಗಂಟು ಹಾಕಿ, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ನಡೆದರು.